ದೂರದ ಹಾರಾಟಕ್ಕೆ ಟ್ಯಾಂಕು ತುಂಬಿಸಿಕೊಂಡೇ ಏಕೆ ಹೊರಡುವುದಿಲ್ಲ?

ಪಣಂಬೂರಿನ ಪಯಣಿಗ:

ಮಕ್ಕಳು ಅಮೆರಿಕದಲ್ಲಿದ್ದು, ಅಲ್ಲಿಗೆ ಹೋಗಿಬರುವ ತಂದೆತಾಯಿಗಳು ನಮ್ಮ ಕಡೆ ಈಗ ಬೇಕಾದಷ್ಟಿದ್ದಾರೆ. ಆದ್ದರಿಂದ ಈ ಪ್ರಶ್ನೆ ನನ್ನೊಬ್ಬನದಲ್ಲ. ಕಳೆದ ಬಾರಿ ದಿಲ್ಲಿಯಿಂದ ನಾವು ಹತ್ತಿದ ವಿಮಾನವು, ಟಿಕೆಟಿನಲ್ಲಿ ನೇರ ಹಾರಾಟವೆಂದು ಬರೆದಿದ್ದರೂ, ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಿತು. ಅದು ಸಾಲದೆಂಬಂತೆ, ತಲುಪಿದ ಮೇಲೆ ನೋಡಿದರೆ ನಮ್ಮದೂ ಸೇರಿ ಹಲವರ ಪೆಟ್ಟಿಗೆಗಳು ದಿಲ್ಲಿಯಲ್ಲಿಯೇ ಉಳಿದಿದ್ದವು. ವಿಚಾರಿಸಿದಾಗ, ಆಪರೇಷನ್ಸ್ ಮ್ಯಾನ್ಯುವಲ್ (ಸಂಸ್ಥೆಯ ಕಾರ್ಯಾಚರಣೆಯ ಕೈಪಿಡಿ) ಪ್ರಕಾರ ನಡೆದುಕೊಂಡಿದ್ದೇವೆ ಎಂಬ ಒಂದು ಸಾಲಿನ ಉತ್ತರ ಬಂತು. ಅಷ್ಟು ದೊಡ್ಡ ವಿಮಾನದ ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡೇ ಹೊರಟರೆ ಈ ತಾಪತ್ರಯ ಯಾವುದೂ ಇರುವುದಿಲ್ಲವಲ್ಲ? ಇಂಧನ ಹೆಚ್ಚಿದ್ದಷ್ಟೂ ಪ್ರಯಾಣ ಸುರಕ್ಷಿತವೆಂದು ನನ್ನ ತಿಳಿವಳಿಕೆ. ಕಂಪನಿಗಳು ದುಡ್ಡು ಉಳಿಸಲು ಕಡಿಮೆ ಹಾಕಿಸುತ್ತಿವೆಯೇ? ತಿಳಿದವರು ವಿವರಿಸಬೇಕೆಂದು ವಿನಂತಿ.

ಕಿನ್ನಿಗೋಳಿ ಡಿಸ್ಪ್ಯಾಚರ್:

ಪಯಣಿಗರೇ, ಹಾರಾಟದ ದಾರಿ, ಇಂಧನಗಳ ಲೆಕ್ಕ ಹಾಕುವ ಡಿಸ್ಪ್ಯಾಚರ್ ಆಗಿ ಕೊಲ್ಲಿಯ ವಿಮಾನ ಸಂಸ್ಥೆಯೊಂದರಲ್ಲಿ ನಾನು ಮಾಡುತ್ತಿದ್ದ ಕೆಲಸವೇ ಇದು. ನಿವೃತ್ತನಾದ ಮೇಲೆ ಇದರ ಬಗ್ಗೆ ಕೇಳಿದವರು ನೀವೇ ಮೊದಲಿಗರು. ಟ್ಯಾಂಕಿನಲ್ಲಿ ಜಾಗವಿದ್ದರೂ ತುಂಬಿಸಲಾಗದಿರುವುದಕ್ಕೆ ಕಾರಣ ತೂಕ. ಬೋಯಿಂಗ್ 777-300ಇಆರ್ ವಿಮಾನವನ್ನೇ ತೆಗೆದುಕೊಳ್ಳಿ. ಅದರ ಟ್ಯಾಂಕುಗಳು ಸುಮಾರು 1,81,000 ಲೀಟರ್, ಅಂದರೆ 145 ಟನ್ನಿನಷ್ಟು ಇಂಧನ ಹಿಡಿಯುತ್ತವೆ. ಆದರೆ ಅದು ನೆಲ ಬಿಡುವಾಗ ಒಟ್ಟು ತೂಕ 351.5 ಟನ್ ದಾಟುವಂತಿಲ್ಲ. ಇಂಧನ ಬಿಟ್ಟು ವಿಮಾನ, ಪ್ರಯಾಣಿಕರು, ಸಾಮಾನು, ಊಟ ಎಲ್ಲ ಸೇರಿದ ತೂಕಕ್ಕೆ ಜೀರೋ ಫ್ಯುಯೆಲ್ ವೇಯ್ಟ್ ಎನ್ನುತ್ತೇವೆ. ಅದರ ಗರಿಷ್ಠ ಮಿತಿ 237.7 ಟನ್. ಈ ಮಿತಿಯವರೆಗೆ ಭಾರ ಹೇರಿದ ದಿನ ಇಂಧನಕ್ಕೆ ಉಳಿಯುವುದು ಹೆಚ್ಚುಕಡಿಮೆ 114 ಟನ್ ಮಾತ್ರ. ಟ್ಯಾಂಕಿನಲ್ಲಿ ಇನ್ನೂ 30 ಟನ್ನಿಗೆ ಜಾಗವಿದ್ದರೂ ಅದನ್ನು ಮುಟ್ಟುವಂತಿಲ್ಲ.

ಈಗ ಹದಿನಾಲ್ಕು ಗಂಟೆಯ ಹಾರಾಟವನ್ನು ಲೆಕ್ಕ ಹಾಕೋಣ. ಗಂಟೆಗೆ ಸರಾಸರಿ ಏಳು ಟನ್ನೆಂದು ಹಿಡಿದರೆ ಹಾರಾಟಕ್ಕೇ 98 ಟನ್ ಬೇಕು. ಇದರ ಮೇಲೆ ಕಂಟಿಂಜೆನ್ಸಿ ಎಂದು ಶೇಕಡ 5, ಅಂದರೆ ಐದು ಟನ್ನಿಗೆ ಸ್ವಲ್ಪ ಕಡಿಮೆ. ಗಾಳಿ ಅಂದಾಜಿಗಿಂತ ಜೋರಾಗಿ ಎದುರಾದರೆ, ಕೇಳಿದ ಎತ್ತರ ಸಿಗದಿದ್ದರೆ ಅದನ್ನು ಬಳಸಬಹುದು. ಸೇರಬೇಕಾದ ನಿಲ್ದಾಣ ಮುಚ್ಚಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗಲು ಆಲ್ಟರ್ನೇಟ್ ಇಂಧನ ಬೇಕು. ಅದು ದೂರವನ್ನು ಅವಲಂಬಿಸಿರುತ್ತದೆ, ಇಲ್ಲಿ ನಾಲ್ಕು ಟನ್ ಇರಲಿ. ಕೊನೆಯದು ಫೈನಲ್ ರಿಸರ್ವ್. ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತು ಹೊಡೆಯಲು ಸಾಲುವಷ್ಟಿರುವ ಈ ಇಂಧನವನ್ನು ಬಳಸುವ ಯೋಜನೆಯನ್ನು ಯಾರೂ ಹಾಕುವಂತಿಲ್ಲ. ಇಳಿಯುವಾಗ ಅದು ಮುಟ್ಟದೆ ಉಳಿದಿರಬೇಕು. ಅದಕ್ಕೆ ಮೂರು ಟನ್, ನೆಲದ ಮೇಲೆ ಓಡಾಡಲು ಮುಕ್ಕಾಲು ಟನ್. ಒಟ್ಟು 110 ಟನ್ ದಾಟಿತು. ಮಿತಿ 114. ಇನ್ನೊಂದು ಗಂಟೆ ಸುತ್ತು ಬಳಸಿನ ದಾರಿಯಲ್ಲಿ ಹೋಗಬೇಕಾಗಿ ಬಂದರೆ ಏನಾಗುತ್ತದೆಂದು ನೀವೇ ಊಹಿಸಿ. ಒಬ್ಬ ಪ್ರಯಾಣಿಕರಿಗೆ ಪೆಟ್ಟಿಗೆ ಸಹಿತ ನೂರು ಕಿಲೋ ಹಿಡಿದರೆ, ಐದು ಟನ್ ಇಂಧನಕ್ಕಾಗಿ ಐವತ್ತು ಮಂದಿಯನ್ನು ಕೆಳಗೆ ಬಿಡಬೇಕಾಗುತ್ತದೆ. ಜನರನ್ನು ಬಿಡುವ ಬದಲು ಸರಕನ್ನು, ಆಮೇಲೆ ಪೆಟ್ಟಿಗೆಗಳನ್ನು ಬಿಡುತ್ತಾರೆ. ಅದೂ ಸಾಲದಿದ್ದರೆ ನಡುವೆ ಇಳಿಯುತ್ತಾರೆ. ನಿಮ್ಮ ಹಾರಾಟದಲ್ಲಿ ಎರಡೂ ಆದಂತಿದೆ.

ದಾರಿ ಬಳಸಾಗಲು ಕಾರಣ ಎಲ್ಲರಿಗೂ ಗೊತ್ತಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನ ಸಂಸ್ಥೆಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವವರು ಮೊದಲು ದಕ್ಷಿಣಕ್ಕೆ ತಿರುಗಿ, ಅರಬ್ಬಿ ಸಮುದ್ರದ ಮೇಲೆ ಹೋಗಿ, ಮತ್ತೆ ಮೇಲಕ್ಕೇರಬೇಕಾಯಿತು. 2019ರಲ್ಲಿಯೂ ಫೆಬ್ರವರಿಯ ಕೊನೆಯಿಂದ ಜುಲೈ ಮಧ್ಯದವರೆಗೆ ಹೀಗೆಯೇ ಆಗಿತ್ತು.

ಮಲ್ಪೆ ಗಾಳಿ:

ಡಿಸ್ಪ್ಯಾಚರ್ ಅವರು ಹೇಳಿದ್ದು ನಮ್ಮ ಮಲ್ಪೆಯ ಆಳಸಮುದ್ರದ ಬೋಟಿನವರಿಗೆ ತಕ್ಷಣ ಅರ್ಥವಾಗುತ್ತದೆ. ಡೀಸೆಲ್ ಹೆಚ್ಚು ಹೇರಿದರೆ ಮಂಜುಗಡ್ಡೆ ಕಡಿಮೆ ಹೇರಬೇಕು. ಮಂಜುಗಡ್ಡೆ ಕಡಿಮೆಯಾದರೆ ಹಿಡಿದ ಮೀನು ಉಳಿಯುವುದಿಲ್ಲ. ಆದರೂ ಒಂದು ಸಂಶಯ ಉಳಿಯುತ್ತದೆ. ಮಂಗಳೂರಿನ ಬಜಪೆ ನಿಲ್ದಾಣದಿಂದ ದುಬೈಗೆ ಸುಮಾರು 2,400 ಕಿಲೋಮೀಟರ್, ಮೂರೂವರೆ ನಾಲ್ಕು ಗಂಟೆಯ ದಾರಿ. ಅಲ್ಲಿ ಈ ತೂಕದ ಇಕ್ಕಟ್ಟು ಅಷ್ಟಿಲ್ಲವಲ್ಲ? ಹಾಗಿದ್ದರೆ ಜೂನ್, ಜುಲೈನ ಮಳೆಯಲ್ಲಿ ಇಲ್ಲಿಗೆ ಬರುವ ವಿಮಾನಗಳು ಧಾರಾಳವಾಗಿ ಇಂಧನ ಹಾಕಿಸಿಕೊಂಡು ಬರಲಿ. ಮೋಡ ಕವಿದು ಇಳಿಯಲಾಗದಿದ್ದರೆ ಒಂದು ಗಂಟೆ ಮೇಲೆಯೇ ಸುತ್ತಬಹುದು.

ಎಡಗಡೆಯ ಆಸನ:

ಮಲ್ಪೆಯವರ ಮಾತಿನಲ್ಲಿ ಅರ್ಧ ಸರಿಯಿದೆ. ಉಳಿದ ಅರ್ಧದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಧನ ಹೆಚ್ಚಿದ್ದಷ್ಟೂ ಕ್ಷೇಮ ಎಂಬ ಮಾತನ್ನು ಪರೀಕ್ಷಿಸಲು ಬಜಪೆಗಿಂತ ಒಳ್ಳೆಯ ನಿಲ್ದಾಣ ನಮ್ಮ ರಾಜ್ಯದಲ್ಲಿಲ್ಲ.

ಇಲ್ಲಿನ ದೊಡ್ಡ ರನ್‌ವೇ 2,450 ಮೀಟರ್ ಉದ್ದ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ರನ್‌ವೇ ಮುಗಿದ ಮೇಲೆ ಕಣಿವೆ. ಹೊರಡುವ ಮುನ್ನವೇ ನಾವು ಪೈಲಟ್‌ಗಳು ಒಂದು ಲೆಕ್ಕ ಮಾಡಬೇಕಾಗುತ್ತದೆ. ಜೆಟ್ ವಿಮಾನವು ಪ್ರಮಾಣೀಕೃತ ಲೆಕ್ಕದಂತೆ ಒಣ ರನ್‌ವೇಯಲ್ಲಿ ಇಳಿದು ನಿಲ್ಲಲು ಬೇಕಾಗುವ ದೂರವು, ಲಭ್ಯವಿರುವ ಉದ್ದದ ಶೇಕಡ 60ರೊಳಗೆ ಇರಬೇಕು. ರನ್‌ವೇ ಒದ್ದೆಯಾಗಿರುವ ಮುನ್ಸೂಚನೆಯಿದ್ದರೆ ಅದರ ಮೇಲೆ ಇನ್ನೂ ಶೇಕಡ 15 ಸೇರಿಸಬೇಕು. ಪೂರ್ತಿ 2,450 ಮೀಟರ್ ಲಭ್ಯವೆಂದು ಲೆಕ್ಕಕ್ಕೆ ಹಿಡಿದರೂ, ಒಣಗಿದ್ದಾಗ 1,470 ಮೀಟರ್, ಒದ್ದೆಯಾಗಿದ್ದಾಗ ಸುಮಾರು 1,278 ಮೀಟರ್‌ನೊಳಗೆ ನಿಲ್ಲುವಂಥ ತೂಕವಿರಬೇಕು. ವಿಮಾನ ಭಾರವಾದಷ್ಟೂ ಇಳಿಯುವ ವೇಗ ಹೆಚ್ಚು, ನಿಲ್ಲಲು ಬೇಕಾದ ದೂರವೂ ಹೆಚ್ಚು. ಆದ್ದರಿಂದ ಆಷಾಢದ ಮಳೆಯಲ್ಲಿ ಬಜಪೆಗೆ ಬೇಕಾಬಿಟ್ಟಿ ಇಂಧನ ಹೊತ್ತು ಬರುವುದು ಜಾಗರೂಕತೆಯಲ್ಲ. ಕೊಲ್ಲಿಯಲ್ಲಿ ಅಗ್ಗವೆಂದು ಮರುಪ್ರಯಾಣದ ಇಂಧನವನ್ನೂ ಅಲ್ಲಿಂದಲೇ ತುಂಬಿಸಿಕೊಂಡು ಬರುವ ಪದ್ಧತಿಯಿದೆ. ಅದಕ್ಕೆ ಟ್ಯಾಂಕರಿಂಗ್ ಎನ್ನುತ್ತಾರೆ. ಮಳೆಗಾಲದಲ್ಲಿ, ಇಂಥ ರನ್‌ವೇಗೆ, ಅದನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಕಡಿಮೆ ತರಬೇಕೆಂದೂ ಅಲ್ಲ. ಮಳೆಯ ಪಟ್ಟಿಯೊಂದು ದಾಟಿಹೋಗಲು ಇಪ್ಪತ್ತು ಮೂವತ್ತು ನಿಮಿಷ ಕಾಯಬಲ್ಲಷ್ಟು, ಜೊತೆಗೆ ಯೋಗ್ಯವಾದ ಆಲ್ಟರ್ನೇಟಿಗೆ ಹೋಗಬಲ್ಲಷ್ಟು ಇರಲೇಬೇಕು. ಯೋಗ್ಯ ಎಂದದ್ದು ಏಕೆಂದರೆ ಹತ್ತಿರದ ಕಣ್ಣೂರು, ಕೋಳಿಕ್ಕೋಡುಗಳೂ ಇದೇ ಕರಾವಳಿಯಲ್ಲಿ, ಇದೇ ಮೋಡದ ಕೆಳಗೆ ಇರುತ್ತವೆ. ಕೋಳಿಕ್ಕೋಡಂತೂ ಬಜಪೆಯಂತೆಯೇ ಗುಡ್ಡದ ಮೇಲಿನ ರನ್‌ವೇ. ಘಟ್ಟದ ಆಚೆ ಇರುವ ಬೆಂಗಳೂರು ದೂರವಾದರೂ ಅಲ್ಲಿನ ಹವೆಯೇ ಬೇರೆ. ಇಲ್ಲಿ ಜಡಿಮಳೆಯಿದ್ದ ದಿನ ನಾನು ಬೆಂಗಳೂರಿಗೇ ಮನಸ್ಸು ಮಾಡುವವನು.

ಮಣಿಪಾಲ ವಿದ್ಯಾರ್ಥಿನಿ:

ನಾನು ಏರೋನಾಟಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಆಪರೇಷನ್ಸ್ ಮ್ಯಾನ್ಯುವಲ್‌ನಲ್ಲಿ ನಾಲ್ಕು ಭಾಗಗಳಿರುತ್ತವೆಂದು ತರಗತಿಯಲ್ಲಿ ಹೇಳಿದ್ದಾರೆ: ಎ ಭಾಗದಲ್ಲಿ ಸಾಮಾನ್ಯ ನಿಯಮಗಳು, ಬಿ ಭಾಗದಲ್ಲಿ ಆಯಾ ವಿಮಾನದ ಮಾದರಿ, ಸಿ ಭಾಗದಲ್ಲಿ ಮಾರ್ಗಗಳು ಮತ್ತು ನಿಲ್ದಾಣಗಳು, ಡಿ ಭಾಗದಲ್ಲಿ ತರಬೇತಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಆರನೆಯ ಅನುಬಂಧ ಇದರ ತಳಹದಿ, ನಮ್ಮಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಗಾ ಎಂಬಷ್ಟು ಗೊತ್ತು. ನನ್ನ ಪ್ರಶ್ನೆ ಕಂಟಿಂಜೆನ್ಸಿಯದು. ದೂರದ ಹಾರಾಟಗಳಲ್ಲಿ ಅದನ್ನು ಕಡಿಮೆ ಮಾಡಲು ರೀಕ್ಲಿಯರೆನ್ಸ್ ಎಂಬ ಉಪಾಯವಿದೆಯೆಂದು ಓದಿದೆ. ಬೇರೆ ನಿಲ್ದಾಣಕ್ಕೆ ಹೋಗುವುದಾಗಿ ಕಾಗದದಲ್ಲಿ ತೋರಿಸಿ, ಆಕಾಶದಲ್ಲಿ ಮನಸ್ಸು ಬದಲಾಯಿಸಿದಂತೆ ಕಾಣುತ್ತದೆ. ಇದು ನಿಯಮದ ಕಣ್ಣಿಗೆ ಮಣ್ಣೆರಚಿದಂತೆ ಅಲ್ಲವೇ?

ಕಿನ್ನಿಗೋಳಿ ಡಿಸ್ಪ್ಯಾಚರ್:

ಇಲ್ಲ ತಂಗಿ, ಅದು ಪ್ರಾಮಾಣಿಕವಾದ ಲೆಕ್ಕವೇ. ಶೇಕಡ 5 ಏಕೆಂದರೆ ಇಡೀ ದಾರಿಯಲ್ಲಿ ಅಂದಾಜು ತಪ್ಪುವ ಸಾಧ್ಯತೆಯಿದೆ. ಹತ್ತು ಗಂಟೆ ಹಾರಿದ ಮೇಲೆ ಆ ಹತ್ತು ಗಂಟೆಯ ಅಂದಾಜು ಸರಿಯಾಯಿತೋ ತಪ್ಪಿತೋ ಗೊತ್ತಾಗಿಯೇ ಬಿಟ್ಟಿರುತ್ತದೆ. ಅಲ್ಲಿಂದ ಮುಂದೆ ಅನಿಶ್ಚಿತವಾಗಿರುವುದು ಉಳಿದ ನಾಲ್ಕು ಗಂಟೆ ಮಾತ್ರ. ನನ್ನ ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ, ನಿರ್ಧಾರದ ಬಿಂದುವಿನಿಂದ, ಅಂದರೆ ಮುಂದೆ ಹೋಗುವುದೋ ಬೇರೆಡೆ ಇಳಿಯುವುದೋ ಎಂದು ದಾರಿಯಲ್ಲಿ ತೀರ್ಮಾನಿಸುವ ಜಾಗದಿಂದ, ಮುಂದಿನ 28 ಟನ್ನಿಗೆ ಶೇಕಡ 5 ಎಂದರೆ 1.4 ಟನ್. ಇಡೀ ದಾರಿಗೆ ಬೇಕಾಗಿದ್ದ ಐದು ಟನ್ನಿನ ಜಾಗದಲ್ಲಿ ಇಷ್ಟು. ಷರತ್ತೇನೆಂದರೆ, ಆ ಬಿಂದುವಿನಿಂದ ಹೆಚ್ಚು ದೂರವಿಲ್ಲದ ಇನ್ನೊಂದು ನಿಲ್ದಾಣಕ್ಕೆ, ಹೊರಟಲ್ಲಿಂದ ಪೂರ್ತಿ ಕಂಟಿಂಜೆನ್ಸಿ ಮತ್ತು ರಿಸರ್ವ್ ಸಹಿತ ಸಾಲುವಷ್ಟು ಇಂಧನವೂ ಇರಬೇಕು. ಎರಡು ಲೆಕ್ಕಗಳಲ್ಲಿ ಯಾವುದು ದೊಡ್ಡದೋ ಅದನ್ನು ತುಂಬಿಸಿ ಹೊರಡುತ್ತಾರೆ. ಬಿಂದು ಮುಟ್ಟಿದಾಗ ಟ್ಯಾಂಕಿನಲ್ಲಿ ನಿಗದಿಯಾದಷ್ಟು ಇಲ್ಲದಿದ್ದರೆ ಮುಂದೆ ಹೋಗುವಂತಿಲ್ಲ; ಇನ್ನೊಂದು ನಿಲ್ದಾಣದಲ್ಲಿ ಇಳಿದು ತುಂಬಿಸಿಕೊಳ್ಳಬೇಕು. ಪಯಣಿಗರು ಹೇಳಿದ ರೀತಿಯ ಅನಿರೀಕ್ಷಿತ ನಿಲುಗಡೆಗೆ ಇದೂ ಒಂದು ಕಾರಣವಾಗಬಹುದು.

ಇನ್ನೊಂದು ಸಂಗತಿ. ಹೆಚ್ಚುವರಿಯಾಗಿ ಹೊತ್ತ ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು. ಹದಿನಾಲ್ಕು ಗಂಟೆಯ ಹಾರಾಟದಲ್ಲಿ ಹೆಚ್ಚುವರಿ ಐದು ಟನ್ನಿನ ಸುಮಾರು ಮೂರನೆಯ ಒಂದು ಭಾಗ ದಾರಿಯಲ್ಲಿಯೇ ಉರಿದುಹೋಗುತ್ತದೆ.

ಇಂಧನಕ್ಕಿಂತಲೂ ತಲೆನೋವಿನ ಕೆಲಸ ದಾರಿಯ ಮಧ್ಯದ ಆಲ್ಟರ್ನೇಟುಗಳದ್ದು. ಎರಡು ಎಂಜಿನಿನ ವಿಮಾನವು, ಒಂದು ಎಂಜಿನ್ ಕೈಕೊಟ್ಟರೂ 60 ನಿಮಿಷದೊಳಗೆ ಇಳಿಯಬಲ್ಲ ನಿಲ್ದಾಣವೊಂದು ಸದಾ ಇರುವಂತೆ ಹಾರಬೇಕೆಂಬುದು ಹಳೆಯ ನಿಯಮ. ವಿಶೇಷ ಅನುಮತಿಯ ಮೇಲೆ ಅದನ್ನು ಏರಿಸಿ, 1985ರಲ್ಲಿ ಅಮೆರಿಕದ ಟಿಡಬ್ಲ್ಯುಎ ಸಂಸ್ಥೆಯ ಬೋಯಿಂಗ್ 767 ಅಟ್ಲಾಂಟಿಕ್ ದಾಟಿತು. ಈಗ 180 ನಿಮಿಷ ಮಾಮೂಲು. ಏರ್‌ಬಸ್ ಎ350 ಮಾದರಿಗೆ 370 ನಿಮಿಷದವರೆಗೂ ಪ್ರಮಾಣೀಕರಣವಿದೆ. ನಿಲ್ದಾಣದ ಹೆಸರು ಬರೆದರೆ ಸಾಲದು. ವಿಮಾನವು ಬೇಗನೆಂದರೆ ಎಷ್ಟು ಗಂಟೆಗೆ, ತಡವೆಂದರೆ ಎಷ್ಟು ಗಂಟೆಗೆ ಅಲ್ಲಿಗೆ ಮುಟ್ಟಬಹುದೋ, ಆ ಅವಧಿಯುದ್ದಕ್ಕೂ ಅಲ್ಲಿನ ಹವಾಮಾನ ಮುನ್ಸೂಚನೆ ಮಿತಿಯೊಳಗಿರಬೇಕು, ರನ್‌ವೇ ತೆರೆದಿರಬೇಕು. ಒಂದು ನಿಲ್ದಾಣ ಪಟ್ಟಿಯಿಂದ ಬಿದ್ದರೆ ದಾರಿ ಬದಲಾಗುತ್ತದೆ, ದಾರಿ ಬದಲಾದರೆ ಇಂಧನ, ಇಂಧನ ಬದಲಾದರೆ ಪೆಟ್ಟಿಗೆಗಳು. ವಿಮಾನದ ಬಾಲದಲ್ಲಿರುವ ಸಣ್ಣ ಎಂಜಿನ್, ಎಪಿಯು, ಕೆಟ್ಟಿದ್ದರೂ ಹೊರಡಬಹುದೆಂದು ಕನಿಷ್ಠ ಉಪಕರಣ ಪಟ್ಟಿಯಲ್ಲಿ ಅನುಮತಿಯಿರಬಹುದು. ಆದರೆ ಸಾಗರ ದಾಟುವ ಅನುಮತಿಗೆ ಅದು ಅಡ್ಡಬರಬಹುದು. ಕೌಂಟರಿನಲ್ಲಿ ಟೆಕ್ನಿಕಲ್ ಎನ್ನುವ ಒಂದೇ ಪದದ ಹಿಂದೆ ಇಷ್ಟು ಸರಪಳಿಯಿರುತ್ತದೆ.

2023ರ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾದ 777 ವಿಮಾನವು ಒಂದು ಎಂಜಿನಿನ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. 216 ಪ್ರಯಾಣಿಕರು, 16 ಸಿಬ್ಬಂದಿ. ವಿಮಾನ ಕ್ಷೇಮವಾಗಿ ಇಳಿಯಿತು. ಆದರೆ ಅಷ್ಟು ಜನರಿಗೆ ಸಾಲುವ ಹೋಟೆಲುಗಳಿಲ್ಲದೆ ಹಲವರು ಶಾಲೆ, ಹಾಸ್ಟೆಲುಗಳಲ್ಲಿ ತಂಗಬೇಕಾಯಿತು, ಇನ್ನೊಂದು ವಿಮಾನ ಕಳುಹಿಸಿ ಅವರನ್ನು ಕರೆದೊಯ್ದರು. ಆಲ್ಟರ್ನೇಟ್ ಆಯ್ಕೆಯಲ್ಲಿ ರನ್‌ವೇಯಷ್ಟೇ ನೋಡಿದರೆ ಸಾಲದೆಂಬುದಕ್ಕೆ ಅದು ಸಾಕ್ಷಿ. ಉತ್ತರ ಧ್ರುವ ಪ್ರದೇಶದಲ್ಲಿ ಹಾರುವ ಸಂಸ್ಥೆಗಳು ಪ್ರಯಾಣಿಕರನ್ನು ಕರೆತರುವ ಯೋಜನೆಯನ್ನೂ ಮೊದಲೇ ಸಿದ್ಧಪಡಿಸಿರಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ನಿಯಮವಿದೆ. ಅಲ್ಲಿ ಇನ್ನೊಂದು ಚಿಂತೆ ಚಳಿಯದು: ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ, ಅಮೆರಿಕದಲ್ಲಿ ಸಿಗುವ ಜೆಟ್ ಎ ಇಂಧನದ್ದು ಮೈನಸ್ 40. ಅಲ್ಲಿಂದ ಹೊರಡುವಾಗ ಯಾವುದನ್ನು ತುಂಬಿಸಿದ್ದೇವೆಂಬುದೂ ಯೋಜನೆಯ ಭಾಗವೇ.

ಪಣಂಬೂರಿನ ಪಯಣಿಗ:

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. ಆದರೂ ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ಒಂದು ಕೇಳಬೇಕೆನಿಸುತ್ತದೆ. ಲೆಕ್ಕವೆಲ್ಲ ಕಾಗದದಲ್ಲಿ ಸರಿಯಾಗಿದ್ದರೂ ಟ್ಯಾಂಕಿನಲ್ಲಿ ನಿಜವಾಗಿ ಅಷ್ಟೇ ಇದೆಯೆಂದು ತಾಳೆ ನೋಡುವವರು ಯಾರು? ಕಾಗದದಲ್ಲಿಯೇ ಯಾರಾದರೂ ಸುಳ್ಳು ಬರೆದರೆ?

ಎಡಗಡೆಯ ಆಸನ:

ತಾಳೆ ನೋಡುವುದು ಹೀಗೆ. ಇಂಧನದ ಲಾರಿಯ ಮೀಟರು ಲೀಟರಿನಲ್ಲಿ ಓದುತ್ತದೆ, ನಮ್ಮ ಫ್ಲೈಟ್ ಪ್ಲಾನ್ ಕಿಲೋದಲ್ಲಿರುತ್ತದೆ. ತುಂಬಿಸಿದವರು ಒಂದು ಚೀಟಿ ತಂದುಕೊಡುತ್ತಾರೆ. ಅದರಲ್ಲಿ 60,000 ಲೀಟರ್, ಸಾಂದ್ರತೆ 0.79 ಎಂದಿದ್ದರೆ ಗುಣಿಸಿ 47,400 ಕಿಲೋ. ತುಂಬಿಸುವ ಮೊದಲು ಟ್ಯಾಂಕಿನಲ್ಲಿ ಉಳಿದಿದ್ದುದನ್ನು ಇದಕ್ಕೆ ಕೂಡಿಸಿ, ಕಾಕ್‌ಪಿಟ್ಟಿನ ಮಾಪಕ ತೋರಿಸುವ ಅಂಕಿಯೊಂದಿಗೆ ಹೋಲಿಸುತ್ತೇವೆ. ಕೈಪಿಡಿ ಕೊಟ್ಟ ಮಿತಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಗಿಲು ಮುಚ್ಚುವಂತಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767ಕ್ಕೆ 22,300 ಕಿಲೋ ಬೇಕಿತ್ತು. ಮಾಪಕ ಕೆಟ್ಟಿದ್ದರಿಂದ ಕೈಯಲ್ಲಿ ಲೆಕ್ಕ ಮಾಡಿದವರು ಲೀಟರಿಗೆ 0.8 ಕಿಲೋ ಎಂದು ಹಿಡಿಯುವ ಬದಲು ಪೌಂಡಿನ 1.77 ಹಿಡಿದರು. ಬೇಕಾದುದರ ಅರ್ಧವೂ ಟ್ಯಾಂಕಿನಲ್ಲಿರಲಿಲ್ಲ. ಎರಡೂ ಎಂಜಿನ್ ನಿಂತ ಆ ವಿಮಾನವನ್ನು ಪೈಲಟ್‌ಗಳು ತೇಲಿಸಿಕೊಂಡು ಬಂದು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, 69 ಮಂದಿಯೂ ಬದುಕಿದರು.

ಸುಳ್ಳು ಬರೆಯುವ ಪ್ರಶ್ನೆ ಇದಕ್ಕಿಂತ ಕಠಿಣ. 2016ರ ನವೆಂಬರ್ 28ರಂದು ಬೊಲಿವಿಯಾದಿಂದ ಕೊಲಂಬಿಯಾದ ಮೆಡೆಲಿನ್‌ಗೆ ಫುಟ್‌ಬಾಲ್ ತಂಡವೊಂದನ್ನು ಕರೆದೊಯ್ದ ಲಾಮಿಯಾ ಸಂಸ್ಥೆಯ ವಿಮಾನದ ಪ್ಲಾನಿನಲ್ಲಿ ಏನನ್ನೂ ಅಡಗಿಸಿರಲಿಲ್ಲ. ಹಾರಾಟದ ಅವಧಿ 4 ಗಂಟೆ 22 ನಿಮಿಷ. ಇಂಧನ ಸಾಲುವ ಅವಧಿ ಎಂಬ ಜಾಗದಲ್ಲಿಯೂ 4 ಗಂಟೆ 22 ನಿಮಿಷ. ಆಲ್ಟರ್ನೇಟಿಗಿಲ್ಲ, ರಿಸರ್ವಿಗಿಲ್ಲ. ಹೊರಡುವ ನಿಲ್ದಾಣದ ಅಧಿಕಾರಿಯೊಬ್ಬರು ಅದನ್ನು ಗಮನಿಸಿ ಪ್ರಶ್ನಿಸಿದ್ದರು. ಆದರೂ ವಿಮಾನ ಹೊರಟಿತು. ರನ್‌ವೇ ಹತ್ತಿರವಿರುವಾಗಲೇ ಎಂಜಿನುಗಳು ನಿಂತವು. 71 ಮಂದಿ ಸತ್ತರು, ಉಳಿದವರು ಆರು ಮಂದಿ. ಕೈಪಿಡಿ ಎಷ್ಟು ದಪ್ಪವಿದ್ದರೇನು, ಆ ಎರಡು ಅಂಕಿಗಳನ್ನು ಕಂಡು ವಿಮಾನವನ್ನು ತಡೆಯುವ ಅಧಿಕಾರ ಯಾರಿಗಾದರೂ ನಿಜವಾಗಿ ಇರಬೇಕು.

ಕಾಗದದ ಹೊರೆಯೂ ಒಂದು ಸಮಸ್ಯೆ. 2017ರ ಜುಲೈ 7ರ ರಾತ್ರಿ ಏರ್ ಕೆನಡಾದ ಎ320 ಒಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರನ್‌ವೇ ಎಂದು ಭಾವಿಸಿ ಟ್ಯಾಕ್ಸಿವೇ (ವಿಮಾನಗಳು ನೆಲದ ಮೇಲೆ ಓಡಾಡುವ ದಾರಿ) ಮೇಲೆ ಇಳಿಯಲು ಹೋಯಿತು. ಅಲ್ಲಿ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ಕೊನೆಯ ಗಳಿಗೆಯಲ್ಲಿ ಮೇಲೇರಿತು. ಪಕ್ಕದ ರನ್‌ವೇ ಮುಚ್ಚಿದೆಯೆಂಬ ನೋಟಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ, ಪೈಲಟ್‌ಗಳಿಗೆ ಕೊಟ್ಟಿದ್ದ 27 ಪುಟಗಳ ಕಟ್ಟಿನ ಎಂಟನೆಯ ಪುಟದಲ್ಲಿತ್ತು. ದೂರದ ಹಾರಾಟಗಳಲ್ಲಿ ಕಟ್ಟು ಇದಕ್ಕಿಂತಲೂ ದಪ್ಪ. ಯಾವುದೋ ಹುಲ್ಲು ಕತ್ತರಿಸುವ ಕೆಲಸ, ದೂರದ ಯಾವುದೋ ಕ್ರೇನಿನ ದೀಪ, ಇವುಗಳ ನಡುವೆ ಪ್ರಾಣಕ್ಕೆ ಸಂಬಂಧಪಟ್ಟ ಒಂದು ಸಾಲು. ಒಳ್ಳೆಯ ಡಿಸ್ಪ್ಯಾಚರ್ ಆ ಸಾಲಿಗೆ ಗೆರೆ ಎಳೆದು ಕೊಡುತ್ತಾರೆ.

ಮಲ್ಪೆ ಗಾಳಿ:

ನಡುವೆ ಇಳಿದರೆ ಪೈಲಟ್‌ಗಳ ಕೆಲಸದ ಅವಧಿಯೂ ಉದ್ದವಾಗುತ್ತದೆಯಲ್ಲ, ಅದನ್ನೂ ಮೊದಲೇ ಲೆಕ್ಕ ಹಾಕುತ್ತಾರೆಯೇ? 2010ರ ಮೇ 22ರ ಬೆಳಗ್ಗೆ ಬಜಪೆಯಲ್ಲಿ 158 ಮಂದಿಯನ್ನು ಕಳೆದುಕೊಂಡ ನಾವು ನಿದ್ರೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಾರೆವು. ಆ ತನಿಖೆಯ ವರದಿಯಲ್ಲಿ ನಿದ್ರೆಯಿಂದ ಎದ್ದ ನಂತರದ ಜಡತೆಯ ಉಲ್ಲೇಖವಿತ್ತು.

ಕಿನ್ನಿಗೋಳಿ ಡಿಸ್ಪ್ಯಾಚರ್:

ಹಾಕುತ್ತಾರೆ, ಹಾಕಲೇಬೇಕು. ಅತಿ ದೂರದ ಹಾರಾಟಕ್ಕೆ ಹೆಚ್ಚುವರಿ ಪೈಲಟ್‌ಗಳಿದ್ದು, ಸರದಿಯಂತೆ ಮಲಗಿ ಏಳುತ್ತಾರೆ. ನಡುವಿನ ನಿಲುಗಡೆಯಿಂದ ಕರ್ತವ್ಯದ ಮಿತಿ ದಾಟುವಂತಿದ್ದರೆ ಅಲ್ಲಿ ಬೇರೆ ತಂಡ ಕಾದಿರಬೇಕು. ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮವನ್ನು ಡಿಜಿಸಿಎ 2024ರಲ್ಲಿ ಪ್ರಕಟಿಸಿದಾಗ ಸಂಸ್ಥೆಗಳಿಂದ ಬಂದ ವಿರೋಧವನ್ನು ಕಂಡರೆ, ಇಂಧನಕ್ಕಿಂತ ಮನುಷ್ಯರನ್ನು ಉಳಿಕೆಯಾಗಿ ಇಟ್ಟುಕೊಳ್ಳುವುದೇ ಅವರಿಗೆ ಭಾರವೆಂದು ತೋರುತ್ತದೆ.

ಮಣಿಪಾಲ ವಿದ್ಯಾರ್ಥಿನಿ:

ಕೊನೆಯದಾಗಿ ಒಂದು ಪ್ರಶ್ನೆ. ಪ್ಲಾನ್ ಹೇಳಿದ್ದಕ್ಕಿಂತ ಹೆಚ್ಚು ಇಂಧನ ಬೇಕೆಂದು ಕ್ಯಾಪ್ಟನ್ ಕೇಳಿದರೆ ಕಂಪನಿ ನಿರಾಕರಿಸಬಹುದೇ?

ಎಡಗಡೆಯ ಆಸನ:

ನಿರಾಕರಿಸುವಂತಿಲ್ಲ, ಕೊನೆಯ ಮಾತು ಕ್ಯಾಪ್ಟನ್‌ದೇ. ಆದರೆ ಏಕೆ ಬೇಕೆಂದು ಬರೆಯಿರಿ ಎಂದು ಕೇಳುವ ಸಂಸ್ಥೆಗಳಿವೆ, ಯಾವ ಕ್ಯಾಪ್ಟನ್ ಎಷ್ಟು ಹೆಚ್ಚು ಹಾಕಿಸಿದರೆಂದು ಪಟ್ಟಿ ಮಾಡುವ ಸಂಸ್ಥೆಗಳೂ ಇವೆ. ಪಟ್ಟಿಯನ್ನು ನಾನು ಒಪ್ಪುವುದಿಲ್ಲ.

ಕಿನ್ನಿಗೋಳಿ ಡಿಸ್ಪ್ಯಾಚರ್:

ಇಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿದೆ, ಕ್ಯಾಪ್ಟನ್ ಸಾಹೇಬರೇ. ಕಾರಣ ಬರೆಸುವುದರಲ್ಲಿ ತಪ್ಪಿಲ್ಲ. ಒಂದು ಮಾರ್ಗದಲ್ಲಿ ಹತ್ತು ಮಂದಿ ಬೇರೆ ಬೇರೆ ಕ್ಯಾಪ್ಟನ್‌ಗಳು, ಇಳಿಯುವ ಮುಂಚೆ ಕಾಯಿಸುತ್ತಾರೆ ಎಂದು ಒಂದೇ ಕಾರಣ ಬರೆದರೆ, ಮುಂದಿನ ತಿಂಗಳಿಂದ ಆ ಇಪ್ಪತ್ತು ನಿಮಿಷವನ್ನು ಪ್ಲಾನಿನಲ್ಲಿಯೇ ಸೇರಿಸಬಹುದು. ಹನ್ನೊಂದನೆಯವರು ಕೇಳಬೇಕಾಗಿಯೇ ಇಲ್ಲ. ಹೆಸರಿನ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು ಮಾತ್ರ ಬೇಡ, ಅದನ್ನು ಒಪ್ಪುತ್ತೇನೆ.

ಪಯಣಿಗರೇ, ನಿಮ್ಮ ಪೆಟ್ಟಿಗೆಯ ವಿಷಯ. ತೂಕ ಇಳಿಸಬೇಕೆಂದು ಹೇಳುವುದು ಆಪರೇಷನ್ಸ್ ವಿಭಾಗ. ಯಾರ ಪೆಟ್ಟಿಗೆ ಇಳಿಯಬೇಕೆಂದು ತೀರ್ಮಾನಿಸುವುದು ನೆಲದ ಸಿಬ್ಬಂದಿ, ಬಹಳ ಸಲ ಯಾವುದು ಬಾಗಿಲಿಗೆ ಹತ್ತಿರವಿದೆಯೋ ಅದು. ಕೈಪಿಡಿಯ ಹೆಸರು ಹೇಳಿ ಅವರು ಪರಿಹಾರದ ಹೊಣೆಯಿಂದ ತಾನಾಗಿ ಪಾರಾಗುವುದಿಲ್ಲ. ತಡವಾಗಿ ಬಂದ ಸಾಮಾನಿನ ಬಗ್ಗೆ, ಅದು ನಿಮ್ಮ ಕೈಸೇರಿದ ದಿನದಿಂದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕೆಂದು 1999ರ ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿದೆ. ಪೆಟ್ಟಿಗೆ ಬರುವವರೆಗೆ ಕೊಂಡ ಬಟ್ಟೆ, ಔಷಧಿಗಳ ರಸೀದಿಯಿದ್ದರೆ ಅದರ ಜೊತೆಗೆ ಲಗತ್ತಿಸಿ.